ಒಂದು ಬಂಡಿ ಸವಳು

ನಮ್ಮ ಕಕ್ಕೇರಾ ಸಮುದ್ರದಿಂದ ಬಹಳ ದೂರ. ಕಾಕಿನಾಡದ ದಂಡೆಗೂ ನಮಗೂ ನಡುವೆ ಸುಮಾರು 600 ಕಿಲೋಮೀಟರ್ ನೆಲವಿದೆ. ಹೀಗಾಗಿ ಚಂಡಮಾರುತವೆಂದರೆ ನಮ್ಮವರಿಗೆ ಪೇಪರಿನಲ್ಲಿ ಓದಿ ಮಡಚಿಡುವ ಸುದ್ದಿ. ಆದರೆ ಬಂಗಾಳ ಕೊಲ್ಲಿಯಲ್ಲಿ ಎದ್ದದ್ದು ದಂಡೆ ಹತ್ತಿದೊಡನೆ ಮುಗಿದೇ ಹೋಯಿತೆಂದು ತಿಳಿದವರು ನಮ್ಮ ಮಾಳಿಗೆ ಮನೆಯಲ್ಲಿ ಒಂದು ರಾತ್ರಿ ಮಲಗಿ ನೋಡಬೇಕು. ಗಾಳಿಯ ಸಿಟ್ಟು ಆಂಧ್ರ, ತೆಲಂಗಾಣದಲ್ಲೇ ಇಳಿದಿರುತ್ತದೆ; ನಮ್ಮಲ್ಲಿಗೆ ಬರುವುದು ಬರೀ ಮಳೆ. ಹಗಲು ರಾತ್ರಿ ಒಂದೇ ಸಮನೆ ಸುರಿಯುತ್ತದೆ. ನಮ್ಮ ಸೂರು ಗಾಳಿಗೆ ಹಾರಿಹೋಗುವಂಥದಲ್ಲ, ನೀರು ಕುಡಿದು ಭಾರವಾಗಿ ಕುಸಿಯುವಂಥದು.

ಮಾಳಿಗೆ ಮನೆ ಕಾಣದವರಿಗೆ ಎರಡು ಮಾತು ಹೇಳಬೇಕು. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಸೊಪ್ಪು, ಆ ಮೇಲೆ ದಪ್ಪನಾಗಿ ಮಣ್ಣು. ಎಲ್ಲಕ್ಕೂ ಮೇಲೆ ಸವಳು. ಸವಳು ಹೊಲಕ್ಕೆ ಬಂದರೆ ಬೆಳೆ ಕೊಲ್ಲುವ ಮಣ್ಣು; ಮಾಳಿಗೆಗೆ ಏರಿದರೆ ಮನೆ ಕಾಯುತ್ತದೆ. ಮಳೆ ಬಿದ್ದೊಡನೆ ಕರಗಿ, ಬಿರುಕುಗಳನ್ನೆಲ್ಲ ತಾನೇ ಮೆತ್ತಿಬಿಡುತ್ತದೆ. (ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ನಮ್ಮ ಸೀಮೆಯಲ್ಲಿ ಸವಳಿಗೇನೂ ಬರವಿಲ್ಲ, ಆ ಮಾತು ಬೇರೆ.) ಆದರೆ ವರ್ಷ ವರ್ಷವೂ ಬೇಸಗೆಯಲ್ಲಿ ಹೊಸ ಸವಳು ಹಾಕಬೇಕು.

2009ರ ಯುಗಾದಿ ಮುಗಿದ ಮೇಲೆ ಅಪ್ಪ ನನಗೆ ಹೇಳಿದ್ದು ಇದನ್ನೇ. “ತಮ್ಮಾ, ಒಂದು ಬಂಡಿ ಸವಳು ಹೊಡಸು.” ನಾನಾಗ ಶಹಾಪುರದಲ್ಲಿ ಮಾಸ್ತರನಾಗಿದ್ದೆ. ಮುಂದಿನ ಆಯಿತವಾರ ಎಂದೆ. ಅಂಥ ಆಯಿತವಾರಗಳು ಎಷ್ಟೋ ಹೋದವು. ಆ ವರ್ಷ ಜೂನ್ ಮಳೆಯೂ ಕೈಕೊಟ್ಟಿತು. “ಮಳೆನೇ ಇಲ್ಲ, ಸವಳು ಯಾಕ?” ಎಂದು ಅಪ್ಪನಿಗೇ ತಿರುಗಿ ಕೇಳಿದೆ. ಓದಿದವನ ಜಾಣತನ! ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬಿದ್ದು ಬಂದ ಮರುದಿನದಿಂದ ಹಸ್ತಾ ಮಳೆ ಹಿಡಿಯಿತು. ಉತ್ತರ ಕರ್ನಾಟಕವನ್ನೆಲ್ಲ ಮುಳುಗಿಸಿದ ಆ ಮಳೆಯ ಸುದ್ದಿ ಎಲ್ಲರಿಗೂ ಗೊತ್ತು. ಮೂರನೆಯ ರಾತ್ರಿ, ಕರೆಂಟಿಲ್ಲದ ಕತ್ತಲಲ್ಲಿ, ಸೋರುವಲ್ಲಿ ಬೋಗುಣಿ ಇಡಲು ಎದ್ದ ಅಪ್ಪನ ಮೇಲೆ ಹಿಂದಿನ ಅಂಕಣ ಕುಸಿದು ಬಿತ್ತು. ಜೀವ ಉಳಿಯಿತು. ಎಡಗಾಲಿನ ಎಲುಬು ಮುರಿದು, ಮತ್ತೆ ಅವರು ಮಾಳಿಗೆ ಏರಲಿಲ್ಲ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬಿದ್ದ ಕಡೆ ಆರ್‌ಸಿಸಿ ಹಾಕಿಸಿದೆ. ಮುಂದಿನ ಎರಡು ಅಂಕಣ ಹಾಗೇ ಉಳಿದವು. ಅಪ್ಪನ ಹಾಸಿಗೆಯೂ ಅಲ್ಲೇ ಉಳಿಯಿತು. ಸಿಮೆಂಟಿನ ಕೆಳಗೆ ನಿದ್ದೆ ಬರುವುದಿಲ್ಲವಂತೆ.

2020ರ ಅಕ್ಟೋಬರ್ 12. ಕೊರೊನಾ ವರ್ಷ, ಶಾಲೆ ಮುಚ್ಚಿತ್ತು, ನಾನು ಊರಲ್ಲೇ ಇದ್ದೆ. ಕೊಲ್ಲಿಯ ವಾಯುಭಾರ ಕುಸಿತ ಮರುದಿನ ಆಂಧ್ರದ ದಂಡೆ ದಾಟಿ ಪಡುವಣಕ್ಕೆ ಸಾಗುತ್ತದೆಂದು ಮೊಬೈಲಿನಲ್ಲಿ ನಕ್ಷೆ ತೋರಿಸುತ್ತಿದ್ದರು. ಅಪ್ಪ ಕಟ್ಟೆಯ ಮೇಲೆ ಕೂತು ಮೂಡಣ ಗಾಳಿಗೆ ಮುಖ ಒಡ್ಡಿ, “ಚಿತ್ತಾ ಮಳಿ ಹಿಡಿತದ” ಎಂದರು. ನಕ್ಷೆಯೂ ಅಪ್ಪನೂ ಒಂದೇ ಮಾತು ಹೇಳಿದ್ದು ಅದೇ ಮೊದಲಿರಬೇಕು.

ಅವ್ವ ಮೊದಲು ನೆನೆಸಿದ್ದು ಗಿರಣಿಯನ್ನು. ಕರೆಂಟು ಹೋದರೆ ಗಿರಣಿ ನಿಲ್ಲುತ್ತದೆ, ಗಿರಣಿ ನಿಂತರೆ ರೊಟ್ಟಿ ನಿಲ್ಲುತ್ತದೆ. ಜೋಳದ ಡಬ್ಬಿ ಹೊತ್ತು ಹೋದರೆ ಅಲ್ಲಿ ಆಗಲೇ ಪಾಳಿ. ಊರಿನ ಹೆಂಗಸರಿಗೆಲ್ಲ ಹವಾಮಾನ ಇಲಾಖೆಗಿಂತ ಮುಂಚೆ ಸುದ್ದಿ ಮುಟ್ಟಿತ್ತು. ಬೋರಿನ ಮೋಟರು ನಡೆಯುವಾಗಲೇ ಕೊಡ, ಹಂಡೆ, ಬ್ಯಾರಲ್ ತುಂಬಿಸಿದೆವು. ಕುಳ್ಳು, ಕಟ್ಟಿಗೆ ಒಳಗೆ ಬಂದವು. ಕಂದೀಲಿನ ಗಾಜನ್ನು ಬೂದಿಯಿಂದ ತಿಕ್ಕಿ ನೋಡಿದರೆ ಊರಲ್ಲೆಲ್ಲೂ ಚಿಮಣಿ ಎಣ್ಣೆ ಸಿಗಲಿಲ್ಲ. ಅವ್ವ ಪಣತಿಗೆ ಕುಸುಬಿ ಎಣ್ಣೆ ಹಾಕಿ ಬತ್ತಿ ಹೊಸೆದಳು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ನಮ್ಮವರು ವಾರ ಕಳೆಯುತ್ತಾರೆ. ನಮಗಿಂತ ಗಟ್ಟಿಯಾಗಿ ಸಿದ್ಧರಾಗುವವರು ಹತ್ತಿರದ ನೀಲಕಂಠರಾಯನ ಗಡ್ಡಿಯವರು. ಕೃಷ್ಣೆಗೆ ನೀರು ಬಿಟ್ಟರೆ ಅವರ ಊರು ನಡುಗಡ್ಡೆ. 2014ರಲ್ಲಿ ಅಲ್ಲಿಯ ತುಂಬು ಬಸುರಿಯೊಬ್ಬಳು ಒಣಗಿದ ಬುರುಡೆ ಕಟ್ಟಿಕೊಂಡು, ಮನೆಯವರ ಜೊತೆ ತುಂಬಿದ ಹೊಳೆ ಈಜಿ ಈಚೆ ಬಂದಳು. ಆ ಬುರುಡೆಗಳೂ ತಯಾರಿಯೇ.

ಮಧ್ಯಾಹ್ನ ಸವಳು ಬಂತು, ಟ್ರ್ಯಾಕ್ಟರಿನಲ್ಲಿ. ಬೇಸಗೆಯಲ್ಲಿ ತರಬೇಕಾದದ್ದನ್ನು ಮಳೆ ತಲೆಯ ಮೇಲೆ ಬಂದಾಗ ತರುವವನು ಬಾಡಿಗೆ ಎಷ್ಟೆಂದು ಕೇಳಬಾರದು. ನಾನೇ ಪುಟ್ಟಿ ಹೊತ್ತು ನಿಚ್ಚಣಿಕೆ ಏರಿದೆ. ಕಟ್ಟೆಯಿಂದ ಅಪ್ಪನ ದನಿ: “ಮೂಲಿಗೆ ಹಾಕು. ಬೆಳಕಿಂಡಿ ಸುತ್ತ ತುಳಿ. ಪರನಾಳ ನೋಡಿದೇನು?” ಪರನಾಳದ ಬಾಯಿಗೆ ಕಸ ಸಿಕ್ಕಿತ್ತು, ತೆಗೆದೆ. ಬೆಳಕಿಂಡಿಗೆ ತಗಡು ಮುಚ್ಚಿ ಕಲ್ಲು ಹೇರಿದೆ. ಹತ್ತು ಪುಟ್ಟಿಗೆ ನನ್ನ ಸೊಂಟ ಮಾತಾಡತೊಡಗಿತು. ಅಪ್ಪ ಇದನ್ನು ನಲವತ್ತು ವರ್ಷ ಮಾಡಿದ್ದರು.

ಮರುದಿನ ಮಳೆ ಹಿಡಿಯಿತು. ರಾತ್ರಿ ಕರೆಂಟು ಹೋಯಿತು. ಹಿಂದಿನ ಕೋಣೆಗೆ ಬಾ ಎಂದು ಅಪ್ಪನನ್ನು ಬೇಡಿಕೊಂಡೆ. ಬರಲಿಲ್ಲ. ನಾನೇ ನನ್ನ ಚಾಪೆ ತಂದು ಅವರ ಪಕ್ಕ ಹಾಸಿದೆ. ಮೊಬೈಲಿನ ಬ್ಯಾಟರಿ ಹಚ್ಚಿ ಜಂತಿ ನೋಡುತ್ತಿದ್ದರೆ, “ಅದನ್ನ ಆರಸು, ಕಿವಿ ಕೊಟ್ಟು ಕೇಳು” ಎಂದರು. ಕತ್ತಲಲ್ಲಿ ಇಬ್ಬರೂ ಕೇಳುತ್ತ ಮಲಗಿದೆವು. ಬಹಳ ಹೊತ್ತಿನ ಮೇಲೆ ಟಪ್ ಎಂದಿತು.

“ಬಾಗಲಾ ಮೂಲಿ,” ಅಪ್ಪ ಅಂದರು. “ಅಲ್ಲಿ ನೀ ತುಳಿದಿಲ್ಲ.”

ನಿಜ, ತುಳಿದಿರಲಿಲ್ಲ. ಅವರು ಏಳಲು ಹೊರಟಿದ್ದರು. ಹೆಗಲು ಹಿಡಿದು ಮಲಗಿಸಿ, ಎದ್ದು ಬೋಗುಣಿ ಇಟ್ಟು ಬಂದೆ. ಆಮೇಲೆ ಅಪ್ಪನಿಗೆ ನಿದ್ದೆ ಹತ್ತಿತು. ನನಗೆ ಹತ್ತಲಿಲ್ಲ.

ಆ ಮಳೆಯ ನಂತರ ಭೀಮಾ ತೀರ ಮುಳುಗಿದ ಸುದ್ದಿ ಬಂತು. ನಮ್ಮ ಓಣಿಯಲ್ಲಿ ಎರಡು ಗೋಡೆ ಬಿದ್ದವು, ಯಾರಿಗೂ ಪೆಟ್ಟಾಗಲಿಲ್ಲ. ಮೂರನೆಯ ದಿನ ಕರೆಂಟು ಬಂತು. ಬಿಸಿಲು ಬಿದ್ದ ಮೇಲೆ ಪಕ್ಕದ ಮನೆಯವರು ಅಂಗಳದಲ್ಲಿ ತಾಡಪತ್ರಿ ಮುಚ್ಚಿಟ್ಟಿದ್ದ ಉಳಿದ ಸವಳು ಕೇಳಿಕೊಂಡು ಬಂದರು. ನಾನು ಪೂರಾ ಒಯ್ಯಿರಿ ಎಂದೆ. ಅಪ್ಪ ಕಟ್ಟೆಯಿಂದಲೇ ಕೂಗಿದರು: “ಎರಡು ಪುಟ್ಟಿ ನಮಗ ಇಟ್ಟು ಕೊಡು. ಸ್ವಾತಿ ಮಳಿ ಇನ್ನೂ ಅದ.”