ಅಮ್ಮನಿಗೊಂದು ಜೀವ

ತುಂಬಾ ದಿನವಾಯ್ತು ಇಲ್ಲಿ ಬರೆದು. ಆಫೀಸು, ರಿಲೀಸು ಅನ್ನೋ ಹಳೇ ನೆಪಗಳೇ. ಇವತ್ತು ಬರೆಯೋಕೆ ಕಾರಣ ಅಮ್ಮ.

ಅಮ್ಮ ಅರಸೀಕೆರೆಯಲ್ಲಿ ಒಬ್ಬಳೇ ಇರ್ತಾಳೆ. ಅಪ್ಪ ಹೋದ ಮೇಲೆ ರಾತ್ರಿ ನಿದ್ದೆ ಬರಲ್ಲ ಅಂತಿದ್ದಳು, ನಾನೇ ಅವಳ ಫೋನಿಗೆ ಕ್ಯಾಂಡಿ ಕ್ರಶ್ ಹಾಕಿಕೊಟ್ಟೆ. ಆ ಆಟದಲ್ಲಿ ಐದು ಜೀವ. ಸೋತರೆ ಒಂದು ಹೋಗುತ್ತೆ, ಮತ್ತೆ ಹುಟ್ಟೋಕೆ ಅರ್ಧ ಗಂಟೆ. ಕಾಯೋಕಾಗದಿದ್ದರೆ ಗೆಳೆಯರನ್ನು ಕೇಳಬೇಕು, ಇಲ್ಲಾ ದುಡ್ಡು ಕೊಡಬೇಕು. ಅಲ್ಲಿ ಅಮ್ಮನಿಗಿರೋ ಗೆಳೆಯ ನಾನೊಬ್ಬನೇ. ಬೆಳಿಗ್ಗೆ ನಾನು ಹಲ್ಲುಜ್ಜುವ ಹೊತ್ತಿಗೆ ಅವಳ ಕೋರಿಕೆ ಬಂದಿರುತ್ತೆ. ಎದ್ದಿದ್ದಾಳೆ, ಚೆನ್ನಾಗಿದ್ದಾಳೆ ಅಂತ ಅರ್ಥ. ತಡವಾದರೆ ಫೋನು: "ಜೀವ ಕಳ್ಸೋ ಅಂದ್ರೆ ಎಲ್ಲೋ ಹೋಗಿದ್ದೆ?" ಒಮ್ಮೆ ಬಸ್ಸಲ್ಲಿ ಸ್ಪೀಕರ್ ಆನ್ ಆಗಿಬಿಟ್ಟಿತ್ತು. ಪಕ್ಕದವರು ನೋಡಿದ ನೋಟ ಇನ್ನೂ ನೆನಪಿದೆ :-)

ದೀಪಾವಳಿಗೆ ಊರಿಗೆ ಹೋದಾಗ ಅವಳು ಒಂದೇ ಲೆವೆಲ್ಲಿನಲ್ಲಿ ಮೂರು ವಾರದಿಂದ ಸಿಕ್ಕಿಕೊಂಡಿದ್ದಳು. ದಿನಾ ಸೋಲೋದು, ದಿನಾ ಗೊಣಗೋದು. ನನಗೆ ಪಾಪ ಅನ್ನಿಸ್ತು. ರಾತ್ರಿ ಅವಳು ಮಲಗಿದ ಮೇಲೆ ಫೋನ್ ತಗೊಂಡು, ನನ್ನ ಕಾರ್ಡಿನಿಂದ ಚಿನ್ನದ ಗಟ್ಟಿ ಕೊಂಡು, ಸುತ್ತಿಗೆ ಗಿತ್ತಿಗೆ ಎಲ್ಲಾ ಬಳಸಿ ಲೆವೆಲ್ ದಾಟಿಸಿದೆ. ಹುಮ್ಮಸ್ಸಿನಲ್ಲಿ ಇನ್ನೂ ಎರಡು ದಾಟಿಸಿದೆ.

ಬೆಳಿಗ್ಗೆ ಕಾಫಿ ಲೋಟ ಕುಕ್ಕಿ ಕೇಳಿದಳು, "ಗೆದ್ದಿದ್ದು ಯಾರು?"

"ನೀನೇ ಅಮ್ಮ."

"ನಾನು ಮಲಗಿದ್ದೆ ಕಣೋ."

ದುಡ್ಡು ಹೋಯ್ತು ಅಂತ ಬೈತಾಳೆ ಅಂದುಕೊಂಡಿದ್ದೆ. ಎಷ್ಟಾಯ್ತು ಅಂತ ಕೇಳಲೇ ಇಲ್ಲ. "ಚೌಕಾಬಾರದಲ್ಲಿ ಯಾರಾದ್ರೂ ದುಡ್ಡು ಕೊಟ್ಟು ಕವಡೆ ಮಗುಚಿಸ್ತಾರೇನೋ?" ಅಂದು ಎದ್ದು ಹೋದಳು.

ತಮಾಷೆ ಅಂದ್ರೆ, ಇದೇ ಅಮ್ಮ ಮೊದಮೊದಲು ಫೋನಿನ ಗಡಿಯಾರ ಮುಂದೆ ತಿರುಗಿಸಿ ಜೀವ ತುಂಬಿಸಿಕೊಳ್ತಿದ್ದಳು. ಎದುರುಮನೆ ಹುಡುಗಿ ಹೇಳಿಕೊಟ್ಟಿದ್ದಂತೆ. ಬಳಕೆದಾರನ ಯಂತ್ರದ ಗಡಿಯಾರ ನಂಬಬಾರದು ಅನ್ನೋದು ನಮ್ಮ ಕಸುಬಿನ ಮೊದಲ ಪಾಠಗಳಲ್ಲೊಂದು, ಅದನ್ನು ಮರೆತವರಿಂದ ಅಮ್ಮನಿಗೆ ಲಾಭ! ಅದು ಮೋಸ ಅಲ್ವಾ ಅಂದರೆ, "ಅದು ಜಾಣತನ, ಯಾರು ಬೇಕಾದ್ರೂ ಮಾಡಬಹುದು" ಅಂತಾಳೆ. ಯೋಚಿಸಿದರೆ ಅವಳ ಲೆಕ್ಕ ಸರಿಯಾಗೇ ಇದೆ. ಅದೃಷ್ಟ ಎಲ್ಲರಿಗೂ ಒಂದೇ, ಕಾಯೋದು ಎಲ್ಲರಿಗೂ ಒಂದೇ. ಕಾರ್ಡ್ ಮಾತ್ರ ಎಲ್ಲರ ಹತ್ರ ಇಲ್ಲ.

ನನಗೆ ಇದು ಹೊಸದೇನಲ್ಲ. 2009ರಲ್ಲಿ ಜಿಂಗಾ ಕಂಪನಿಯ ಫಾರ್ಮ್‌ವಿಲ್ ಬಂದಾಗ ನಾನು ಹೈಸ್ಕೂಲಿಗೂ ಹೋಗಿರಲಿಲ್ಲ. ದೊಡ್ಡಪ್ಪನ ಮಗನ ಅಕೌಂಟಿನಲ್ಲಿ, ಸೈಬರ್ ಸೆಂಟರಿನಲ್ಲಿ ನನ್ನ ಬೇಸಾಯ. ಸ್ಟ್ರಾಬೆರಿ ನಾಲ್ಕೇ ಗಂಟೆಗೆ ಮಾಗುತ್ತಿತ್ತು, ಸಮಯಕ್ಕೆ ಕೊಯ್ಯದಿದ್ದರೆ ಬಾಡಿಹೋಗುತ್ತಿತ್ತು. ಮನೆಯಲ್ಲೇ ಇಂಟರ್ನೆಟ್ ಇದ್ದ ಹುಡುಗರು ಸ್ಟ್ರಾಬೆರಿ ಹಾಕೋರು, ನಾನು ಮೂರು ದಿನದ ಗೋಧಿ ಹಾಕಿ ಶನಿವಾರಕ್ಕೆ ಕಾಯ್ತಿದ್ದೆ. ಜಮೀನು ದೊಡ್ಡದಾಗಬೇಕಾದರೆ ನೆರೆಹೊರೆಯವರು ಬೇಕು, ಇಲ್ಲಾ ಫಾರ್ಮ್ ಕ್ಯಾಶ್ ಬೇಕು. ನನ್ನ ಹತ್ರ ಎರಡೂ ಇರಲಿಲ್ಲ. ಫ್ಲಾಶ್ ಜೊತೆಗೇ ಆ ಆಟ 2020ರ ಡಿಸೆಂಬರ್ 31ಕ್ಕೆ ಮುಚ್ಚಿತು. ಬಿಡಿ, ದುಡ್ಡು ಕೊಟ್ಟು ಕೊಂಡವರ ಜಮೀನೂ ಹೋಯ್ತು.

ಕ್ಯಾಂಡಿ ಕ್ರಶ್ ಮಾಡಿದ ಕಿಂಗ್ ಕಂಪನಿಯವರು 2013ರಲ್ಲಿ, ಕೊನೆಯ ಲೆವೆಲ್ ಮುಟ್ಟಿದವರಲ್ಲಿ ಶೇಕಡಾ 70 ಮಂದಿ ಬಿಡಿಗಾಸೂ ಕೊಟ್ಟಿಲ್ಲ ಅಂತ ಹೇಳಿದ್ದರು. ನಂಬ್ತೀನಿ. ದಾರಿ ಯಾರಿಗೂ ಮುಚ್ಚಿಲ್ಲ. ಆದರೆ 65ನೇ ಲೆವೆಲ್ ವಿಪರೀತ ಕಷ್ಟ ಅಂತ ಜನ ಗೋಳಾಡಿದ ಮೇಲೆ ಅದನ್ನು ಸುಲಭ ಮಾಡಿದರಲ್ಲ, ಅಂದರೆ ಕಷ್ಟ ಅನ್ನೋದು ಬೆಟ್ಟದ ಹಾಗೆ ಅಲ್ಲಿ ಬಿದ್ದಿರೋದಲ್ಲ. ನನ್ನಂಥವನೊಬ್ಬ ಎಲ್ಲೋ ಕೂತು ಒಂದು ಸಂಖ್ಯೆ ಬದಲಾಯಿಸ್ತಾನೆ, ಅರಸೀಕೆರೆಯಲ್ಲಿ ಅಮ್ಮ ಮೂರು ವಾರ ಗೊಣಗ್ತಾಳೆ. ಇದನ್ನು ಅವಳಿಗೆ ಹೇಳಿಲ್ಲ. ಹೇಳೋ ಧೈರ್ಯವೂ ಇಲ್ಲ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಹನ್ನೊಂದು ದಿನ ಕೋರಿಕೆ ಬರಲಿಲ್ಲ. ಫೋನ್ ಮಾಡಿದರೆ "ಊಟ ಆಯ್ತಾ, ಸರಿ, ಇಡ್ಲಾ?" ಅಷ್ಟೇ. ಹಲ್ಲುಜ್ಜುವಾಗ ಫೋನ್ ನೋಡಿ ನೋಡಿ ಸುಮ್ಮನಾಗ್ತಿದ್ದೆ. ಮಾತಾಡೋಕೆ ನಮಗೆ ಬೇರೆ ವಿಷಯವೇ ಇರಲಿಲ್ಲವಾ ಅಂತ ಒಂಥರಾ ಭಯವಾಯ್ತು.

ಹನ್ನೆರಡನೇ ದಿನ, ಬೆಳಿಗ್ಗೆ ಆರಕ್ಕೆ ಮುಂಚೆ ಕೋರಿಕೆ ಬಂತು. ತಕ್ಷಣ ಫೋನ್ ಮಾಡಿದೆ.

"ಮುಂದಿನದು ಆಡ್ತಿದ್ದೀಯಾ?"

"ಇಲ್ಲ. ಹಿಂದಕ್ಕೆ ಹೋಗಿದ್ದೀನಿ. ನೀನು ದಾಟಿಸಿದ್ಯಲ್ಲ, ಅದನ್ನೇ ಆಡ್ತಿದ್ದೀನಿ."

ಇನ್ನೂ ಗೆದ್ದಿಲ್ಲ. ನಿನ್ನೆ ಒಂದೇ ಒಂದು ಜೆಲ್ಲಿ ಉಳಿದಿತ್ತಂತೆ. ಇದನ್ನು ಟೈಪ್ ಮಾಡ್ತಿರೋವಾಗಲೇ ಮತ್ತೆ ಕೇಳಿದ್ದಾಳೆ, ಕಳಿಸಿ ಬರ್ತೀನಿ.