ಚೀಟಿಯಲ್ಲಿ ಬಂದ ಆಶಾವಾದ

ನಾನು ಆಶಾವಾದಿಯಾದದ್ದು ಯಾವ ಗ್ರಂಥವನ್ನು ಓದಿಯೂ ಅಲ್ಲ, ಯಾವ ಮಹನೀಯರ ಉಪದೇಶದಿಂದಲೂ ಅಲ್ಲ, ಒಂದು ಚೀಟಿಯಿಂದ. ಕಳೆದ ಫೆಬ್ರವರಿಯಲ್ಲಿ ನಮ್ಮ ಕಾಲೇಜಿನ ಕನ್ನಡ ಸಂಘದವರು ಒಂದು ಚರ್ಚಾಸ್ಪರ್ಧೆಯನ್ನು ಏರ್ಪಡಿಸಿದ್ದುದು ಓದುಗರಿಗೆ ನೆನಪಿರಬಹುದು. ‘ಹವಾಮಾನ ಬದಲಾವಣೆಯನ್ನು ತಡೆಯುವ ಕಾಲ ಮೀರಿಹೋಗಿದೆ’ ಎಂಬುದು ವಿಷಯ. ಪರವೋ ವಿರೋಧವೋ ಎಂಬುದನ್ನು ನಮ್ಮ ಇಷ್ಟಕ್ಕೆ ಬಿಟ್ಟರೆ ಎಲ್ಲರೂ ಒಂದೇ ಕಡೆ ಗುಂಪುಗೂಡುತ್ತೇವೆಂದು ಅಧ್ಯಾಪಕರು ಚೀಟಿ ಎತ್ತಿಸಿದರು. ಅವರ ಊಹೆ ಸರಿಯಾಗಿಯೇ ಇದ್ದಿತು. ಹನ್ನೆರಡು ಮಂದಿ ಸ್ಪರ್ಧಿಗಳಲ್ಲಿ ಹನ್ನೊಂದು ಮಂದಿ ‘ಕಾಲ ಮೀರಿತು’ ಎಂದು ಗುಡುಗಲು ಸಿದ್ಧರಾಗಿ ಬಂದಿದ್ದೆವು. ಹನ್ನೆರಡನೆಯವನು ವಿಷಯವನ್ನೇ ಓದಿರಲಿಲ್ಲ. ನನ್ನ ಚೀಟಿಯನ್ನು ಬಿಡಿಸಿ ನೋಡಿದರೆ ‘ವಿರೋಧ’ ಎಂದಿದೆ! ಅಂದರೆ, ಕಾಲ ಇನ್ನೂ ಮೀರಿಲ್ಲವೆಂದು ಸಭೆಯನ್ನು ಒಪ್ಪಿಸುವ ಭಾರ ನನ್ನ ತಲೆಯ ಮೇಲೆ ಬಿತ್ತು.

ನಿರಾಶೆಯ ಪಕ್ಷದಲ್ಲಿ ನಿಂತು ಮಾತನಾಡುವುದು ಎಷ್ಟು ಸುಲಭವೆಂಬುದು ವೇದಿಕೆ ಹತ್ತಿದವರಿಗೆಲ್ಲ ಗೊತ್ತು. ದನಿಯನ್ನು ಸ್ವಲ್ಪ ತಗ್ಗಿಸಬೇಕು, ಮಧ್ಯೆ ಮಧ್ಯೆ ನಿಟ್ಟುಸಿರು ಬಿಡಬೇಕು, ಕೊನೆಗೆ ‘ನಮ್ಮ ಮಕ್ಕಳಿಗೆ ನಾವು ಏನನ್ನು ಬಿಟ್ಟುಹೋಗುತ್ತೇವೆ?’ ಎಂದು ಕೇಳಿ ಕುಳಿತುಬಿಡಬೇಕು. ಚಪ್ಪಾಳೆ ಖಂಡಿತ. ಆಶೆಯ ಪಕ್ಷದವನಿಗೆ ಈ ಸೌಕರ್ಯವಿಲ್ಲ. ಅವನನ್ನು ಎಲ್ಲರೂ ‘ಹಾಗಾದರೆ ಮಾಡಬೇಕಾದದ್ದೇನು, ಮಾಡುವವರು ಯಾರು?’ ಎಂದು ಕೇಳುತ್ತಾರೆ.

ಒಂದು ವಾರ ವಾಚನಾಲಯದಲ್ಲೂ ಮೊಬೈಲಿನಲ್ಲೂ ಹುಡುಕಿದೆ. ಮೊದಮೊದಲು ಸಿಕ್ಕಿದ್ದೆಲ್ಲ ಎದುರು ಪಕ್ಷದವರಿಗೆ ಬೇಕಾದ ಸರಕೇ. ೧೯೫೮ರಲ್ಲಿ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಒಂದು ಬೆಟ್ಟದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಅಳೆಯತೊಡಗಿದಾಗ ಅದು ಹತ್ತು ಲಕ್ಷ ಭಾಗಕ್ಕೆ ಸುಮಾರು ೩೧೫ ಭಾಗ ಇದ್ದಿತಂತೆ. ಈಗ ೪೨೦ನ್ನು ದಾಟಿದೆ. ೨೦೨೪ನೆಯ ಇಸವಿಯಲ್ಲಿ ಭೂಮಿಯ ಸರಾಸರಿ ಉಷ್ಣತೆ, ಯಂತ್ರಯುಗಕ್ಕೆ ಮುಂಚೆ ಇದ್ದುದಕ್ಕಿಂತ ಒಂದೂವರೆ ಡಿಗ್ರಿ ಮೇಲೇರಿತು. ದೂರದ ಮಾತು ಏಕೆ? ೨೦೨೩ರಲ್ಲಿ ನಮ್ಮ ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ ಬರಪೀಡಿತವೆಂದು ಸರ್ಕಾರವೇ ಸಾರಿತು. ಉಳಿದ ಹದಿಮೂರರಲ್ಲಿ ನಮ್ಮ ತಾಲ್ಲೂಕು ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಸೋತೆನೆಂದುಕೊಂಡು ಪುಸ್ತಕ ಮುಚ್ಚುವ ಹೊತ್ತಿಗೆ ಓಜೋನ್ ಪದರದ ಕಥೆ ಕೈಗೆ ಸಿಕ್ಕಿತು. ಶೀತಕ ಪೆಟ್ಟಿಗೆಗಳಲ್ಲಿ ಬಳಸುತ್ತಿದ್ದ ಕೆಲವು ಅನಿಲಗಳಿಂದ ಆ ಪದರ ದಕ್ಷಿಣ ಧ್ರುವದ ಮೇಲೆ ತೆಳುವಾಗುತ್ತಿದೆಯೆಂದು ೧೯೮೫ರಲ್ಲಿ ಕಂಡುಬಂತು. ಎರಡೇ ವರ್ಷಕ್ಕೆ, ೧೯೮೭ರಲ್ಲಿ, ಮಾಂಟ್ರಿಯಲ್ ನಗರದಲ್ಲಿ ಒಪ್ಪಂದವಾಯಿತು. ಆಮೇಲೆ ಪ್ರಪಂಚದ ರಾಷ್ಟ್ರಗಳೆಲ್ಲ ಅದಕ್ಕೆ ಒಪ್ಪಿದವು. ಪದರ ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಒಂದು ಹುಣಿಸೆಮರಕ್ಕಾಗಿ ಇಪ್ಪತ್ತು ವರ್ಷ ವ್ಯಾಜ್ಯ ನಡೆಸಿದ ಅಣ್ಣತಮ್ಮಂದಿರನ್ನು ಕಂಡ ನನಗೆ ಇದು ಪುರಾಣದ ಪವಾಡದ ಹಾಗೆ ತೋರಿತು. ಅನಿಲ ಬಿಡುವುದಕ್ಕಿಂತ ಕಲ್ಲಿದ್ದಲು ಬಿಡುವುದು ಎಷ್ಟೋ ಪಾಲು ಕಷ್ಟ, ನಿಜ. ಆದರೂ ಅಲ್ಲಿಂದ ಮುಂದಕ್ಕೆ ಬೇರೆ ಲೆಕ್ಕಗಳೂ ಕಾಣಿಸಿಕೊಂಡವು. ೨೦೧೫ರ ಪ್ಯಾರಿಸ್ ಒಪ್ಪಂದದ ಹೊತ್ತಿಗೆ, ಹೀಗೆಯೇ ಸಾಗಿದರೆ ಈ ಶತಮಾನದ ಕೊನೆಗೆ ಭೂಮಿ ಮೂರೂವರೆಯಿಂದ ನಾಲ್ಕು ಡಿಗ್ರಿ ಬಿಸಿಯಾಗುತ್ತದೆಂದು ಅಂದಾಜಿತ್ತು. ಈಗಿನ ಅಂದಾಜು ಮೂರಕ್ಕಿಂತ ಕೆಳಗಿದೆ. ಸಾಲದು, ನಿಜ, ಆದರೆ ಇಳಿದಿದೆ. ೨೦೧೦ರಿಂದ ಹತ್ತು ವರ್ಷಗಳಲ್ಲಿ ಸೌರಫಲಕದ ಬೆಲೆ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಇಳಿಯಿತು. ೨೦೨೫ರ ಜೂನ್ ಹೊತ್ತಿಗೆ ನಮ್ಮ ದೇಶದ ವಿದ್ಯುತ್ ಸ್ಥಾವರಗಳ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ತೈಲಗಳ ಹಂಗಿಲ್ಲದ್ದಾಯಿತು. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ; ದೀಪ ಉರಿಸುವ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದೇ. ಈ ಕೊನೆಯ ವಾಕ್ಯವನ್ನು ನಾನು ಸಭೆಯಲ್ಲಿ ಹೇಳಲಿಲ್ಲ. ಚರ್ಚಾಸ್ಪರ್ಧೆಯ ಧರ್ಮ ಹಾಗೆ!

ಇವೆಲ್ಲಕ್ಕಿಂತ ದೊಡ್ಡದಾದ ತುರುಪಿನ ಎಲೆ ನನ್ನ ಕೈಯಲ್ಲಿತ್ತು. ಅದು ನಮ್ಮ ಹೊಲ.

ನಾವು ಪಾವಗಡ ತಾಲ್ಲೂಕಿನವರು. ಭೂಪಟದಲ್ಲಿ ನೋಡಿದರೆ ನಮ್ಮ ತಾಲ್ಲೂಕು ಆಂಧ್ರದೊಳಕ್ಕೆ ನುಗ್ಗಿ ಕುಳಿತ ಹಾಗಿದೆ. ನಮ್ಮ ನಾಲಿಗೆಯ ಮೇಲೆ ಕನ್ನಡವೂ ತೆಲುಗೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ. ಮಳೆ ಮಾತ್ರ ಎರಡು ರಾಜ್ಯಗಳ ಕಡೆಯಿಂದಲೂ ಬರುವುದಿಲ್ಲ. ಮೂರು ಎಕರೆ ಖುಷ್ಕಿಯಲ್ಲಿ ನಮ್ಮ ತಂದೆಯವರು ಕಡಲೆಕಾಯಿ ಬಿತ್ತುತ್ತಿದ್ದರು. ಐದು ವರ್ಷದಲ್ಲಿ ಒಂದು ವರ್ಷ ಬೆಳೆ ಕೈಗೆ ಹತ್ತಿದರೆ ಅದನ್ನೇ ಉಳಿದ ನಾಲ್ಕು ವರ್ಷ ನೆನೆಯುತ್ತಿದ್ದರು. ಆಗ ಬಂತು ಸೌರವಿದ್ಯುತ್ ಪಾರ್ಕು. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ. ಅದರಲ್ಲಿ ೨,೦೫೦ ಮೆಗಾವಾಟ್ ಸ್ಥಾವರ. ೨೦೧೮ರ ಮಾರ್ಚಿಯಲ್ಲಿ ಮೊದಲ ಹಂತ ಮುಗಿಯಿತು. ೨೦೧೯ರ ಕೊನೆಯ ಹೊತ್ತಿಗೆ ಪೂರ್ತಿಯಾಯಿತು. ಜಮೀನನ್ನು ಕ್ರಯಕ್ಕೆ ಕೊಳ್ಳಲಿಲ್ಲ, ಗುತ್ತಿಗೆಗೆ ಹಿಡಿದರು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಪತ್ರವನ್ನು ಓದಿಸಿ ಕೇಳಿದ ನಮ್ಮ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, “ಅಲ್ಲ ಕಣಪ್ಪ, ಬಿಸಿಲಿಗೆ ಬಾಡಿಗೆ ಕೊಡ್ತಾರೆ ಅನ್ನೋದಾದ್ರೆ, ಇಷ್ಟು ವರ್ಷ ನನ್ನ ನೆತ್ತಿ ಸುಟ್ಟ ಬಿಸಿಲಿನ ಬಾಕಿ ಯಾರು ಕೊಡ್ತಾರೆ?” ಎಂದಳು.

ನಮ್ಮ ಮನೆಯಲ್ಲಿ ಹತ್ತನೆಯ ತರಗತಿಯನ್ನು ದಾಟಿದವನು ನಾನೇ ಮೊದಲು. ನನ್ನ ಫೀಸು, ವಿದ್ಯಾರ್ಥಿನಿಲಯದ ಖರ್ಚು, ಈ ಲೇಖನ ಬರೆಯುತ್ತಿರುವ ಲೇಖನಿ, ಎಲ್ಲವೂ ಆ ಬಾಡಿಗೆಯಿಂದ ಬಂದದ್ದು. ಸಭೆಯಲ್ಲಿ ನಾನು ಎದೆಯುಬ್ಬಿಸಿ, “ಯಾವ ಬಿಸಿಲು ನಮ್ಮ ಹಿರಿಯರನ್ನು ಗುಳೆ ಎಬ್ಬಿಸಿತೋ ಅದೇ ಬಿಸಿಲು ನನ್ನನ್ನು ಬಿ.ಎ. ಓದಿಸುತ್ತಿದೆ. ಕಾಲ ಮೀರಿಲ್ಲವೆಂಬುದಕ್ಕೆ ನಾನೇ ಸಾಕ್ಷಿ” ಎಂದೆ. ಚಪ್ಪಾಳೆ ಬಿತ್ತು. ಇನ್ನು ಬಹುಮಾನ ನನ್ನದೇ ಎಂದು ಕುಳಿತೆ.

ಆಗ ಎದುರು ಪಕ್ಷದಿಂದ ಎದ್ದವನು ನನ್ನ ಗೆಳೆಯ; ನಮ್ಮೂರಿನವನೇ, ನಮ್ಮ ಬೀದಿಗೆ ಎರಡು ಬೀದಿ ಆಚೆಯವನು. ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಅವನು ನಿಟ್ಟುಸಿರು ಬಿಡಲಿಲ್ಲ, ದನಿಯನ್ನು ತಗ್ಗಿಸಲೂ ಇಲ್ಲ. “ಮಾನ್ಯ ಸ್ನೇಹಿತರ ಹೊಲದಲ್ಲಿ ಮೊದಲು ಕಳೆ ತೆಗೆಯುತ್ತಿದ್ದವರು ಈಗ ಎಲ್ಲಿದ್ದಾರೆ? ಅವರಿಗೂ ಬಿಸಿಲಿನ ಬಾಡಿಗೆ ಬರುತ್ತದೆಯೇ?” ಎಂದು ಕೇಳಿದ.

ಉತ್ತರ ಹೇಳಲು ನನಗೆ ಎರಡು ನಿಮಿಷ ಕಾಲಾವಕಾಶವಿತ್ತು. ನಮ್ಮ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರಲ್ಲಿ ಅವನ ತಾಯಿಯೂ ಒಬ್ಬರು. ನಾನು ಬಾಯಿತುಂಬ ‘ದೊಡ್ಡಮ್ಮ’ ಎಂದು ಕರೆಯುವುದು ಅವರನ್ನೇ. ಎರಡು ನಿಮಿಷವೂ ನಿಂತೇ ಇದ್ದೆ. ಗಂಟೆ ಬಾರಿಸಿದರು. ಮೊದಲ ಬಹುಮಾನ ಅವನಿಗೆ ಬಂತು. ನನಗೆ ಸಮಾಧಾನಕರ ಬಹುಮಾನವೂ ಇಲ್ಲ.

ಶನಿವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಹೊರಟೆವು. ಮಧುಗಿರಿಯ ಬೆಟ್ಟ ಕಾಣುವವರೆಗೆ ನಾನು ಮಾತನಾಡಲಿಲ್ಲ. ಅಲ್ಲಿ ಕಾಫಿಗೆ ಬಸ್ಸು ನಿಂತಾಗ ಅವನೇ, “ಕೋಪವೇನೋ?” ಎಂದ.

“ಕೋಪವಲ್ಲ, ನಾಚಿಕೆ. ನೀನು ಫಲಕಗಳನ್ನೆಲ್ಲ ಕಿತ್ತು ಹಾಕಬೇಕೆನ್ನುತ್ತೀಯಾ?” ಎಂದು ಕೇಳಿದೆ.

“ನಾನು ಹಾಗೆಂದೆನೇ? ಕಿತ್ತರೆ ಮಳೆ ಬರುತ್ತದೇನೋ? ಲೆಕ್ಕದಲ್ಲಿ ನಮ್ಮ ಹೆಸರು ಬಿಟ್ಟಿದ್ದೀಯ ಅಂದೆ, ಅಷ್ಟೆ. ಇನ್ನು ಕಾಲ ಮೀರಿತು ಅನ್ನೋದು ಚೀಟಿಯ ಮಾತು. ಅದನ್ನು ನಂಬಿದ್ದರೆ ನಾನು ಡಿಗ್ರಿ ಓದೋಕೆ ಬರ್ತಿದ್ದೆನಾ?”

ಹೊಲವುಳ್ಳವನಿಗೆ ಕಡಲೆಕಾಯಿ ಎಂದರೆ ಬೆಳೆ, ಅಷ್ಟೆ. ಹೊಲವಿಲ್ಲದವರಿಗೆ ಅದು ಏನೇನಾಗಿತ್ತೆಂಬುದನ್ನು ಅವನು ದಾರಿಯುದ್ದಕ್ಕೂ ಹೇಳಿದ. ಬಿತ್ತನೆಗೆ ಮುಂಚೆ ಬೀಜ ಬಿಡಿಸುವ ಕೂಲಿ; ಆಮೇಲೆ ಕಳೆ; ಆಮೇಲೆ ಗಿಡ ಕೀಳುವುದು, ಕಾಯಿ ಬಿಡಿಸುವುದು. ಎಲ್ಲ ಮುಗಿದ ಮೇಲೆ ಹೊಲದಲ್ಲಿ ಬಿದ್ದು ಉಳಿದ ಹಕ್ಕಲನ್ನು ಆಯ್ದುಕೊಂಡರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಅವರ ಮನೆಯ ವರ್ಷದ ಒಗ್ಗರಣೆ ಎಣ್ಣೆ ಆ ಹಕ್ಕಲಿನಿಂದಲೇ ಆಗುತ್ತಿತ್ತಂತೆ. ಬೀಳು ಬಿದ್ದ ವರ್ಷದಲ್ಲಿ ಮೇಕೆಗಳಿಗಾದರೂ ಮೇವಿತ್ತು. ಈಗ ಸುತ್ತ ಬೇಲಿ. ನಮ್ಮ ತಂದೆ ಗುತ್ತಿಗೆ ಪತ್ರಕ್ಕೆ ರುಜು ಹಾಕಿದ ದಿನ ಅದರಲ್ಲಿ ಸರ್ವೆ ನಂಬರು ಬರೆದರು, ಚಕ್ಕುಬಂದಿ ಬರೆದರು. ಹಕ್ಕಲನ್ನು ಬರೆಯುವ ಕಲಂ ಯಾವ ಪತ್ರದಲ್ಲಿ ಇರುತ್ತದೆ? ದೊಡ್ಡಮ್ಮನ ಹಿರಿಯ ಮಗಳು ಈಗ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ತಮ್ಮನ ಕಾಲೇಜಿನ ಖರ್ಚು ಅವಳದೇ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದು ಬರೆದರೆ ಲೇಖನಕ್ಕೆ ಒಪ್ಪುತ್ತದೆ. ಆದರೆ ಬಸ್ಸಿನ ದಣಿವಿಗೆ ಚೆನ್ನಾಗಿಯೇ ನಿದ್ದೆ ಬಂತು. ಬೆಳಿಗ್ಗೆ ಎದ್ದಾಗ ಮಾತ್ರ ಒಂದು ಯೋಚನೆ ಹತ್ತಿಕೊಂಡಿತು. ನಾಲ್ಕು ಡಿಗ್ರಿಯ ಅಂದಾಜು ಮೂರಕ್ಕಿಂತ ಕೆಳಗಿಳಿಯಿತೆಂದು ಓದಿ ಸಂತೋಷಪಟ್ಟಿದ್ದೆನಷ್ಟೆ. ಅದು ತಾನಾಗಿ ಇಳಿದದ್ದಲ್ಲ, ಪ್ಯಾರಿಸ್ಸಿನಲ್ಲಿ ರುಜು ಹಾಕಿದ ಮಾತ್ರಕ್ಕೂ ಇಳಿದದ್ದಲ್ಲ; ನಮ್ಮೂರಿನಂಥ ಊರುಗಳಲ್ಲಿ ಯಾರದೋ ಹೊಲದ ಮೇಲೆ, ಯಾರದೋ ಕೂಲಿಯ ಮೇಲೆ ಇಳಿದದ್ದು. ಇನ್ನೂ ಇಳಿಯಬೇಕಾದರೆ ಇನ್ನೆಷ್ಟೋ ಊರುಗಳು ‘ಆಗಲಿ’ ಎನ್ನಬೇಕು. ಅವರು ಹಾಗೆನ್ನುವುದು ವಿಜ್ಞಾನಿಗಳ ವರದಿಯನ್ನು ಓದಿ ಅಲ್ಲ. ‘ಆ ಊರಿನವರಿಗೆ ಏನಾಯಿತು?’ ಎಂದು ನಮ್ಮ ಕಡೆಗೆ ತಿರುಗಿ ನೋಡುತ್ತಾರೆ. ನೋಡಿದಾಗ ಹೊಲವುಳ್ಳವನ ಮಗ ಕಾಲೇಜಿನಲ್ಲಿದ್ದಾನೆ, ಹೊಲವಿಲ್ಲದವಳ ಮಗಳು ಊರು ಬಿಟ್ಟಿದ್ದಾಳೆ ಎಂದು ಕಂಡರೆ, ಅವರಲ್ಲಿ ಅರ್ಧ ಊರು ಒಲ್ಲೆನೆನ್ನುತ್ತದೆ. ಅವರನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ದೊಡ್ಡಮ್ಮನ ಲೆಕ್ಕ ಸರಿಹೋಗದೆ ಭೂಮಿಯ ಉಷ್ಣತೆಯ ಲೆಕ್ಕ ಸರಿಹೋಗದೆಂಬುದು ನನಗೆ ಆ ದಿನ ತೋಚಿತು. ನಮ್ಮ ಭೂಗೋಳದ ಅಧ್ಯಾಪಕರು ಇದನ್ನು ಪರೀಕ್ಷೆಯಲ್ಲಿ ಒಪ್ಪುತ್ತಾರೋ ಇಲ್ಲವೋ!

ಯುಗಾದಿ ರಜದಲ್ಲಿ ಇನ್ನೂರು ಪುಟದ ಒಂದು ನೋಟುಬುಕ್ಕು ಹಿಡಿದು ಇಬ್ಬರೂ ಮನೆಮನೆಗೆ ಹೊರಟೆವು. ಹೊಲವಿಲ್ಲದ ಮನೆಗಳು ಯಾವುವು, ಮೊದಲು ವರ್ಷಕ್ಕೆ ಎಷ್ಟು ದಿನ ಕೂಲಿ ಸಿಗುತ್ತಿತ್ತು, ಈಗ ಏನು ಮಾಡುತ್ತಾರೆ, ಯಾರು ಊರು ಬಿಟ್ಟರು, ಇವಿಷ್ಟನ್ನು ಬರೆದುಕೊಂಡೆವು. ಕೆಲವರು, “ಬರ್ಕೊಂಡು ಹೋದವರು ಬಹಳ ಜನ ಆಗವ್ರೆ” ಎಂದು ಕದ ಮುಚ್ಚಿದರು. ಒಬ್ಬ ಹಿರಿಯರು ನಮ್ಮನ್ನು ಚುನಾವಣೆಯವರೆಂದು ತಿಳಿದು ಕೂಡಿಸಿ ಮಜ್ಜಿಗೆ ಕೊಟ್ಟರು. ನಿಜ ತಿಳಿದ ಮೇಲೂ ಮಜ್ಜಿಗೆಯನ್ನು ಹಿಂದಕ್ಕೆ ಕೇಳಲಿಲ್ಲ. ಫಲಕಗಳ ಕೆಳಗಿನ ಹುಲ್ಲು ಕೊಯ್ಯುವ ಕೆಲಸವನ್ನು ಊರಿನ ಹೆಂಗಸರ ಸಂಘಕ್ಕೆ ವಹಿಸಬೇಕು, ಕುರಿಗಳನ್ನು ಗೊತ್ತಾದ ದಿನಗಳಲ್ಲಿ ಒಳಗೆ ಮೇಯಬಿಡಬಹುದೇ ಎಂದು ವಿಚಾರಿಸಬೇಕು, ಐ.ಟಿ.ಐ. ತರಬೇತಿಯಲ್ಲಿ ಈ ಮನೆಗಳ ಮಕ್ಕಳನ್ನು ಮೊದಲು ನೆನೆಯಬೇಕು. ಮುಂದೆ ಎಲ್ಲಿಯಾದರೂ ಜಮೀನು ಹಿಡಿಯುವುದಾದರೆ ಹೊಲವಿಲ್ಲದವರ ಪಟ್ಟಿಯನ್ನು ಮೊದಲೇ ಮಾಡಬೇಕು. ಇಷ್ಟನ್ನು ಅರ್ಜಿಯಾಗಿ ಬರೆದೆವು. ಮೂರು ಸಲ ಬರೆದೆವು. ಮೊದಲನೆಯದರಲ್ಲಿ ನನ್ನ ಚರ್ಚಾಸ್ಪರ್ಧೆಯ ಭಾಷಣವೇ ಇಳಿದುಬಂದಿತ್ತು. ಗೆಳೆಯ ಅದನ್ನು ಹೊಡೆದುಹಾಕಿದ.

ಸಂಬಂಧಪಟ್ಟ ಕಚೇರಿಯಲ್ಲಿ ಅದನ್ನು ತೆಗೆದುಕೊಂಡ ಗುಮಾಸ್ತರು ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿ, “ಯಾವ ಸಂಘದವರು?” ಎಂದರು. “ವಿದ್ಯಾರ್ಥಿಗಳು, ಸಾರ್” ಎಂದೆವು. ಅವರು ಪೂರ್ತಿ ಓದಿದರು. ಅರ್ಜಿಯನ್ನು ಪೂರ್ತಿ ಓದುವ ಗುಮಾಸ್ತರನ್ನು ನಾನು ಮೊದಲ ಬಾರಿಗೆ ಕಂಡದ್ದು. “ಪಟ್ಟಿ ಚೆನ್ನಾಗಿದೆ. ಆದರೆ ಒಂದೊಂದು ಮನೆಗೂ ಯಜಮಾನರ ಹೆಸರು, ಪಡಿತರ ಚೀಟಿಯ ನಂಬರು ಬೇಕು. ಬರೆದು ತನ್ನಿ, ಮೇಲಕ್ಕೆ ಕಳಿಸುತ್ತೇನೆ” ಎಂದು ಮೊಹರು ಒತ್ತಿ ನಕಲನ್ನು ಕೊಟ್ಟರು. ಮೇಲಕ್ಕೆ ಹೋದದ್ದು ಕೆಳಕ್ಕೆ ಏನಾಗಿ ಬರುತ್ತದೆಯೋ ತಿಳಿಯದು.

ಮತ್ತೆ ಚೀಟಿಯೇ ಬಂತೆಂದು ನಕ್ಕುಕೊಂಡು ಊರಿಗೆ ಮರಳಿದೆವು. ಆ ಸಂಜೆ ಗೆಳೆಯನ ಮನೆಯ ಜಗಲಿಯ ಮೇಲೆ ಕುಳಿತು ಪಟ್ಟಿಯನ್ನು ಮೊದಲಿನಿಂದ ಓದಿದೆ. ದೊಡ್ಡಮ್ಮ ಮೊರದಲ್ಲಿ ಅಕ್ಕಿ ಕೇರುತ್ತ ಒಂದೊಂದು ಹೆಸರಿಗೂ ‘ಹೂಂ’ ಎನ್ನುತ್ತಿದ್ದರು. ಕೊನೆಯ ಹೆಸರು ಮುಗಿದ ಮೇಲೆ ಮೊರವನ್ನು ಕೆಳಗಿಟ್ಟು, “ಕೆರೆ ಏರಿ ಕೆಳಗಿನ ಎರಡು ಮನೆ ಬಿಟ್ಟಿದ್ದೀರಲ್ಲಪ್ಪ. ಅವ್ರು ಈಚೆಗೆ ಬಂದವ್ರು ಅಂತ ಯಾರೂ ಹೇಳಿರಾಕಿಲ್ಲ. ಕತ್ತಲಾಗೋಕೆ ಮುಂಚೆ ಹೋಗಿ ಬನ್ನಿ, ನಾಳೆ ಕಲ್ಲು ಕ್ವಾರಿಗೆ ಹೊರಟುಬಿಡ್ತಾರೆ” ಎಂದರು.

ಗೆಳೆಯ ನೋಟುಬುಕ್ಕನ್ನು ಕಂಕುಳಲ್ಲಿಟ್ಟುಕೊಂಡ. ನಾನು ಪೆನ್ನು ಹುಡುಕಿದೆ. ಕೆರೆ ಏರಿಯ ಮೇಲೆ ನಡೆಯುವಾಗ ಬೇಲಿಯಾಚೆ ಸಾಲುಸಾಲಾಗಿ ನಿಂತ ಫಲಕಗಳು ಪಡುವಣ ದಿಕ್ಕಿಗೆ ಇಳಿದಿದ್ದ ಬೆಳಕಿನಲ್ಲಿ ಮಿನುಗುತ್ತಿದ್ದವು.