ಹದಿನಾಲ್ಕನೇ ನಂಬರ್ ಪತ್ರ

ನಾನು ಬರೆದ ಮೂರು ಸಾಲು ಕೋಡಿನಿಂದ ಒಂದು ಟ್ಯಾಂಕರ್ ಹಾಲು ಕೆಟ್ಟುಹೋಯಿತು. ಇದನ್ನು ಎಲ್ಲಾದರೂ ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಹಾಲಿಗಾಗಿ ಅಲ್ಲ, ಆಮೇಲೆ ಮನೆಯಲ್ಲಿ ನಡೆದ ಮಾತಿಗಾಗಿ.

ನಮ್ಮ ಕಂಪನಿ ಗಾಡಿಗಳಿಗೆ ಕೂರಿಸುವ ಜಿಪಿಎಸ್ ಡಬ್ಬಿ ಮಾಡುತ್ತದೆ. ಸೋಪಿನ ಪೆಟ್ಟಿಗೆಯಷ್ಟು ಗಾತ್ರ, ಒಳಗೊಂದು ಸಿಮ್. ನಿಮಿಷಕ್ಕೊಮ್ಮೆ "ನಾನು ಇಲ್ಲಿದ್ದೇನೆ" ಅಂತ ಸರ್ವರಿಗೆ ಒಂದು ಪ್ಯಾಕೆಟ್ ಕಳಿಸುತ್ತದೆ. ಸರ್ವರ್ "ಮುಟ್ಟಿತು" ಅಂತ ವಾಪಸ್ ಹೇಳುತ್ತದೆ. ಅದಕ್ಕೆ ನಮ್ಮ ಭಾಷೆಯಲ್ಲಿ ಆ್ಯಕ್ ಅಂತಾರೆ. ಪ್ರತಿ ಪ್ಯಾಕೆಟ್ ಮೇಲೂ ಒಂದು ಸೀಕ್ವೆನ್ಸ್ ನಂಬರ್. 1, 2, 3, 4 ಹೀಗೆ. ಬಸ್ಸು, ಟ್ಯಾಕ್ಸಿಗಳಿಗೆ ಕಡ್ಡಾಯ ಮಾಡಿರುವ ಎಐಎಸ್-140 ಮಾನದಂಡದಲ್ಲೂ ಇದೇ ಥರ 000001ರಿಂದ 999999ರವರೆಗೆ ಓಡುವ ಒಂದು ಫ್ರೇಮ್ ನಂಬರ್ ಇದೆ.

ನಂಬರ್ ಯಾಕೆ ಬೇಕು? ದಾರಿಯಲ್ಲಿ ಪ್ಯಾಕೆಟ್ ಕಳೆಯುತ್ತವೆ, ಹಿಂದುಮುಂದಾಗಿ ಬರುತ್ತವೆ, ಒಂದೇ ಎರಡು ಸಲ ಬರುತ್ತದೆ. 7 ಆದಮೇಲೆ 9 ಬಂದರೆ 8 ಎಲ್ಲೋ ಉಳಿದಿದೆ ಅಂತ ಗೊತ್ತಾಗುತ್ತದೆ. 7 ಎರಡು ಸಲ ಬಂದರೆ ಒಂದನ್ನು ಎಸೆಯಬಹುದು. ಇಷ್ಟೇ ಇದರ ಕೆಲಸ.

ಈಗ ಪ್ರಶ್ನೆ. 8ನೇ ನಂಬರ್ ಹಾಕಿ ಪ್ಯಾಕೆಟ್ ಕಳಿಸಿದೆ. ಕಳಿಸುವುದು ಫೇಲ್ ಆಯಿತು. ಮುಂದಿನ ಪ್ಯಾಕೆಟ್‌ಗೆ 8 ಕೊಡಬೇಕೋ, 9 ಕೊಡಬೇಕೋ?

ನಾನು ಮೊದಲು 9 ಅಂತಲೇ ಬರೆದಿದ್ದೆ. ಆದರೆ ನೆಟ್‌ವರ್ಕ್ ಇಲ್ಲದ ಕಡೆ ಗಾಡಿ ಹೋದಾಗಲೆಲ್ಲ ನಂಬರಿನಲ್ಲಿ ಸಂದು ಬೀಳುತ್ತಿತ್ತು. ಗ್ರಾಹಕರು ನೋಡುವ ಪರದೆಯ ಮೇಲೆ ಅಷ್ಟೂ ಕೆಂಪು. "ಇಷ್ಟೊಂದು ಲಾಸ್ ಇದ್ದರೆ ಯಾರು ಕೊಳ್ಳುತ್ತಾರೆ? ಹೋಗೇ ಇಲ್ಲದ ಪ್ಯಾಕೆಟ್‌ಗೆ ನಂಬರ್ ಯಾಕೆ ಖರ್ಚು ಮಾಡಬೇಕು?" ಅಂತ ಮ್ಯಾನೇಜರ್ ಕೇಳಿದರು. ಕೇಳಲಿಕ್ಕೆ ಸರಿಯಾಗಿಯೇ ಇತ್ತು. ಮೂರು ಸಾಲು ಸೇರಿಸಿದೆ: ಆ್ಯಕ್ ಬರದಿದ್ದರೆ ಹಳೆಯ ಪ್ಯಾಕೆಟ್ ಬಿಟ್ಟುಬಿಡು, ನಂಬರ್ ಒಂದು ಹಿಂದಕ್ಕೆ ತಗೋ, ಗಾಡಿ ಈಗಿರುವ ಜಾಗವನ್ನು ಅದೇ ನಂಬರಿನಲ್ಲಿ ಕಳಿಸು. ಮರುದಿನದಿಂದ ಪರದೆಯೆಲ್ಲ ಹಸಿರು. ನನಗೆ ಶಹಬ್ಬಾಸ್‌ಗಿರಿ ಕೂಡ ಸಿಕ್ಕಿತು.

ಮಳೆಗಾಲದ ಒಂದು ರಾತ್ರಿ ಸಣ್ಣ ಹಾಲಿನ ಟ್ಯಾಂಕರ್ ಒಂದು ಬೆಳಗಾವಿಯಿಂದ ಚೋರ್ಲಾ ಘಾಟ್ ಮೇಲೆ ಗೋವಾಕ್ಕೆ ಹೊರಟಿತ್ತು. ಜಾಂಬೋಟಿ, ಕಣಕುಂಬಿ ದಾಟಿದ ಮೇಲೆ ಎರಡೂ ಕಡೆ ಕಾಡು. ಸಿಗ್ನಲ್ ಒಂದು ತಿರುವಿನಲ್ಲಿ ಬರುತ್ತದೆ, ಮುಂದಿನ ತಿರುವಿನಲ್ಲಿ ಹೋಗುತ್ತದೆ. ಅಂಥ ಒಂದು ತಿರುವಿನಲ್ಲಿ ಡಬ್ಬಿ 2317ನೇ ಪ್ಯಾಕೆಟ್ ಕಳಿಸಿತು. ಅದು ಸರ್ವರಿಗೆ ಮುಟ್ಟಿತು. ಸರ್ವರ್ ಆ್ಯಕ್ ಕಳಿಸುವಷ್ಟರಲ್ಲಿ ಸಿಗ್ನಲ್ ಹೋಯಿತು. ಡಬ್ಬಿಗೆ ಅನ್ನಿಸಿದ್ದು ಫೇಲ್ ಅಂತ. ನಂಬರ್ ಹಿಂದಕ್ಕೆ ತಗೊಂಡಿತು. ಮುಂದೆ ಇಪ್ಪತ್ತು ನಿಮಿಷ ಏನೂ ಹೋಗಲಿಲ್ಲ. ಆಮೇಲೆ ಇನ್ನೊಂದು ತಿರುವಿನಲ್ಲಿ ಸ್ವಲ್ಪ ಸಿಗ್ನಲ್ ಬಂತು. ಡಬ್ಬಿ ಹೊಸ ಜಾಗವನ್ನು ಕಳಿಸಿತು, ಮತ್ತೆ 2317ನೇ ನಂಬರಿನಲ್ಲಿ.

ಸರ್ವರ್ ನೋಡಿತು: 2317 ನನ್ನ ಹತ್ತಿರ ಆಗಲೇ ಇದೆ. ಹಳೆಯದೇ ಮತ್ತೆ ಬಂದಿದೆ ಅಂತ ಎಸೆದು "ಮುಟ್ಟಿತು" ಅಂತ ಉತ್ತರ ಕೊಟ್ಟಿತು. ಡಬ್ಬಿಗೂ ಸಮಾಧಾನ, ಸರ್ವರಿಗೂ ಸಮಾಧಾನ. ಅಲ್ಲಿಂದ ಸ್ವಲ್ಪ ಮುಂದೆ, ಸಿಗ್ನಲ್ ಇಲ್ಲದ ಜಾಗದಲ್ಲಿ ಟ್ಯಾಂಕರ್ ಕೆಟ್ಟು ನಿಂತಿತು.

ಮಾಲೀಕರು ಪರದೆ ನೋಡಿ ಮೆಕ್ಯಾನಿಕ್‌ನನ್ನು ಕಳಿಸಿದ್ದು ಏಳೆಂಟು ಕಿಲೋಮೀಟರ್ ಹಿಂದಿನ ತಿರುವಿಗೆ. ಮಳೆ, ಕತ್ತಲೆ. ಅವನು ಅಲ್ಲೇ ಹುಡುಕಿ ಹುಡುಕಿ ವಾಪಸಾದ. ಬೆಳಗಾಗುವ ಹೊತ್ತಿಗೆ ಡ್ರೈವರ್ ಯಾರದೋ ಬೈಕ್ ಹತ್ತಿ ಸಿಗ್ನಲ್ ಇರುವ ಕಡೆ ಬಂದು ಫೋನ್ ಮಾಡಿದ. ಡ್ರೈವರ್ ಅರಾಮ ಇದ್ದ. ಹಾಲು ಇರಲಿಲ್ಲ. ನಮ್ಮ ರಿಪೋರ್ಟಿನಲ್ಲಿ ಆ ರಾತ್ರಿಯ ಪ್ಯಾಕೆಟ್ ಲಾಸ್: ಸೊನ್ನೆ.

ಎರಡು ದಿನ ಲಾಗ್ ಓದಿದ ಮೇಲೆ ನನ್ನ ಮೂರು ಸಾಲು ಸಿಕ್ಕವು. ನಾನೇ ಒಪ್ಪಿಕೊಂಡೆ. ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು. ಆ ವಾರ ರಜೆ ಹಾಕಿ ಸ್ಲೀಪರ್ ಬಸ್ ಹತ್ತಿ ಅಥಣಿಗೆ ಹೋದೆ. ನಮ್ಮ ಊರು ಅಥಣಿಯಿಂದ ಮತ್ತೆ ಅರ್ಧ ತಾಸಿನ ದಾರಿ.

ಸಂಜೆ ಕಟ್ಟೆ ಮೇಲೆ ಚಹಾ ಕುಡಿಯುತ್ತಾ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಹೇಳಿದರೆ ಅರ್ಥವಾಗುತ್ತದೋ ಇಲ್ಲವೋ ಅಂತ ಅನುಮಾನವಿತ್ತು. ಅಪ್ಪ ಪೂರ್ತಿ ಕೇಳಿ ಅಂದ: "ನಂಬರ್ ತಪ್ಪಿತಂದ್ರ ನಮ್ಮ ಹದಿನಾಕನೇ ಪತ್ರದಂಗ ಆತಲ್ಲೋ ಇದು."

ಅಪ್ಪ ಸೈನ್ಯದಲ್ಲಿದ್ದ. 1994ರಲ್ಲಿ ಅವನಿದ್ದದ್ದು ಜಮ್ಮು ಕಡೆ. ವಿಳಾಸದಲ್ಲಿ ಊರ ಹೆಸರು ಇರುತ್ತಿರಲಿಲ್ಲ, ಕೊನೆಗೆ "56 ಎಪಿಒ" ಅಂತ ಮಾತ್ರ. ಊರಿನಿಂದ ಹೋದ ಟಪಾಲು ಒಮ್ಮೆ ಹತ್ತು ದಿನಕ್ಕೆ ಮುಟ್ಟುತ್ತಿತ್ತು, ಒಮ್ಮೆ ತಿಂಗಳಿಗೆ. ಕೆಲವು ಸಲ ಮೂರು ಪತ್ರ ಒಂದೇ ದಿನ, ಕೊನೆಯದು ಮೊದಲು. ಅದಕ್ಕೇ ಅಪ್ಪ ಅವ್ವನಿಗೆ ಹೇಳಿದ್ದ, ಪ್ರತಿ ಇನ್‌ಲ್ಯಾಂಡ್ ಲೆಟರಿನ ಮೂಲೆಯಲ್ಲಿ ನಂಬರ್ ಹಾಕು ಅಂತ. ಏಳನೆತ್ತೆವರೆಗೆ ಓದಿದ್ದ ಅವ್ವ ತಪ್ಪದೆ ಹಾಕುತ್ತಿದ್ದಳು. ಆ ವರ್ಷ ಅಪ್ಪನಿಗೆ 13 ಮುಟ್ಟಿತು, 15 ಮುಟ್ಟಿತು, 14 ಮಾತ್ರ ಮುಟ್ಟಲೇ ಇಲ್ಲ. "ನಮ್ಮ ಹದಿನಾಕ ನುಂಗಿದ ಪೋಸ್ಟಮನ್" ಅನ್ನುವುದು ನಮ್ಮ ಮನೆಯಲ್ಲಿ ಮೂವತ್ತು ವರ್ಷದ ಹಳೆಯ ಜೋಕು.

ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು.

"ಅದನ್ನ ಯಾರೂ ನುಂಗಿಲ್ಲ. ನಾನ ಹಾಕಿಲ್ಲ."

ಅಪ್ಪ ಏನೂ ಅನ್ನಲಿಲ್ಲ. ನಾನೇ "ಏನಂದಿ ಅವ್ವಾ?" ಅಂದೆ.

"ಬರದಿದ್ದೆ. ಒಲ್ಯಾಗ ಹಾಕಿದೆ."

ಆ ವರ್ಷ ಅಜ್ಜ ಹಾಸಿಗೆ ಹಿಡಿದಿದ್ದ. ಬಾವಿ ಸಾಲಕ್ಕೆ ಎಮ್ಮೆ ಮಾರಿದ್ದರು. ನನಗಾಗ ಆರು ವರ್ಷ, ಜ್ವರ ಬಂದರೆ ಬಿಡುತ್ತಿರಲಿಲ್ಲವಂತೆ. ಅವ್ವ ಕೈಗೆ ಹತ್ತಿದ ಹಿಟ್ಟು ಉಜ್ಜುತ್ತಾ ಹೊರಗೆ ಬಂದಳು. "ನನಗ ಈ ಮನಿ ನೀಗೂದಿಲ್ಲ, ನೌಕರಿ ಬಿಟ್ಟ ಬರ್ರಿ, ಇಲ್ಲಂದ್ರ ನಾ ಮಗನ್ನ ಕರಕೊಂಡ ತವರಿಗೆ ಹೊಕ್ಕೀನಿ ಅಂತ ಬರದಿದ್ದೆ. ಮುಂಜಾನೆ ಎದ್ದ ಓದಿದೆ. ಅಲ್ಲಿ ಥಂಡ್ಯಾಗ ನಿಂತಾವ್ರಿಗೆ ಇದನ್ನ ಹೆಂಗ ಕಳಸ್ಲಿ ಅನಿಸ್ತು."

ನಾನು ಎಂಜಿನಿಯರ್ ಬುದ್ಧಿ ಬಿಡಲಿಲ್ಲ. ಕೇಳಿದೆ: "ಮತ್ತ ಮುಂದಿನ ಪತ್ರಕ್ಕ ಹದಿನಾಕ ಅಂತನ ಹಾಕಬೇಕಿಲ್ಲ? ಯಾರಿಗೂ ಗೊತ್ತಾಗ್ತಿರಲಿಲ್ಲ."

ಅವ್ವ ನನ್ನನ್ನು ದಡ್ಡನನ್ನು ನೋಡಿದ ಹಾಗೆ ನೋಡಿದಳು. "ಹೆಂಗ ಹಾಕ್ಲಿ? ಹದಿನಾಕ ಅದರದಲ್ಲ? ಸುಟ್ಟರೇನಾತು, ಬರದಿದ್ದೆನಲ್ಲ."

ನಾನು ಎರಡು ದಿನ ಲಾಗ್ ಓದಿ ಕಲಿತದ್ದು ಇದನ್ನೇ. ಒಮ್ಮೆ ಕೊಟ್ಟ ನಂಬರ್ ಅದಕ್ಕೇ ಸೇರಿದ್ದು. ಹೋಗಲಿಲ್ಲ ಅಂತ ಕಿತ್ತು ಬೇರೆಯದಕ್ಕೆ ಅಂಟಿಸುವ ಹಾಗಿಲ್ಲ. ಯಾಕೆಂದರೆ "ಆ್ಯಕ್ ಬರಲಿಲ್ಲ" ಅಂದರೆ "ಹೋಗಲಿಲ್ಲ" ಅಂತಲ್ಲ. "ಹೋಯಿತೋ ಇಲ್ಲವೋ ನನಗೆ ಗೊತ್ತಿಲ್ಲ" ಅಂತ ಮಾತ್ರ. ನಾನು ಗೊತ್ತಿಲ್ಲದ್ದನ್ನು ಇಲ್ಲ ಅಂತ ಬರೆದುಬಿಟ್ಟಿದ್ದೆ.

ದೊಡ್ಡವರು ಇದನ್ನು ಎಂದೋ ಯೋಚಿಸಿದ್ದಾರೆ. 1974ರಲ್ಲಿ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಬರೆದ ಪ್ರಬಂಧದಿಂದ ಹುಟ್ಟಿದ್ದು ಟಿಸಿಪಿ. ಅದರಲ್ಲಿ ಒಂದೊಂದು ಬೈಟ್‌ಗೂ ನಂಬರ್. ಕಳೆದುಹೋದರೆ ಅದೇ ಬೈಟ್, ಅದೇ ನಂಬರಿನಲ್ಲಿ ಮತ್ತೆ ಹೋಗುತ್ತದೆ. ನಂಬರ್ ಒಳಗಿನ ವಿಷಯಕ್ಕೆ ಸೇರಿದ್ದು. ಆದರೆ ಅಲ್ಲೂ ಒಂದು ತೊಡಕಿತ್ತು. ಎರಡು ಸಲ ಕಳಿಸಿದ ಮೇಲೆ ಬಂದ ಆ್ಯಕ್ ಮೊದಲನೆಯದಕ್ಕೋ ಎರಡನೆಯದಕ್ಕೋ ಹೇಳಲಾಗದು. ಹಾಗಾಗಿ ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುವಾಗ, ಎರಡು ಸಲ ಕಳಿಸಿದ್ದನ್ನು ಲೆಕ್ಕಕ್ಕೇ ಹಿಡಿಯಬೇಡಿ ಅಂತ 1987ರಲ್ಲಿ ಫಿಲ್ ಕಾರ್ನ್ ಮತ್ತು ಕ್ರೇಗ್ ಪಾರ್ಟ್ರಿಜ್ ಹೇಳಿದರು. 2021ರಲ್ಲಿ ಆರ್‌ಎಫ್‌ಸಿ 9000 ಆಗಿ ಬಂದ ಕ್ವಿಕ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಹಳೆಯ ವಿಷಯವನ್ನೇ ಮತ್ತೆ ಕಳಿಸಿದರೂ ಹೊಸ ಪ್ಯಾಕೆಟ್ ನಂಬರ್, ಒಮ್ಮೆ ಬಳಸಿದ್ದು ಮತ್ತೆ ಇಲ್ಲ. ಅದರಲ್ಲಿ ಪ್ಯಾಕೆಟ್‌ನ ಗೂಢಲಿಪಿಗೂ ಈ ನಂಬರ್ ಸೇರುತ್ತದೆ. ಒಂದೇ ಕೀಲಿಯಲ್ಲಿ ಒಂದೇ ನಂಬರಿನಿಂದ ಎರಡು ಬೇರೆ ವಿಷಯ ಮುಚ್ಚಿದರೆ ಗುಟ್ಟೇ ಒಡೆಯಬಹುದು. ಇಬ್ಬರ ದಾರಿ ಬೇರೆ. ಆದರೆ ಎರಡು ಬೇರೆ ಮಾತಿಗೆ ಒಂದೇ ನಂಬರ್ ಕೊಡಬೇಡಿ ಅನ್ನುವುದರಲ್ಲಿ ಜಗಳವಿಲ್ಲ.

ಹಾಗಂತ ಸಂದು ಬಿದ್ದರೆ ಎದುರಿನವರು ಎಷ್ಟು ದಿನ ಕಾಯಬೇಕು? ಅದಕ್ಕೂ ಉತ್ತರ ನಮ್ಮ ಮನೆಯಲ್ಲೇ ಇತ್ತು. 15 ಮುಟ್ಟಿದ ಕೂಡಲೇ ಅಪ್ಪ ಬರೆದಿದ್ದನಂತೆ: "14 ಬಂದಿಲ್ಲ." ಅವ್ವ ತಿರುಗಿ ಬರೆದಿದ್ದಳು: "14ರಾಗ ವಿಶೇಷ ಏನೂ ಇಲ್ಲ, ಅದರ ದಾರಿ ನೋಡಬ್ಯಾಡ್ರಿ." ನಿಮ್ಮ ಮನೆಯ ವೈ-ಫೈ ಕೂಡ ಇದನ್ನೇ ಮಾಡುತ್ತದೆ. ಎಷ್ಟು ಸಲ ಪ್ರಯತ್ನಿಸಿದರೂ ಒಂದು ಫ್ರೇಮ್ ಮುಟ್ಟದಿದ್ದರೆ, ಕಳಿಸುವವನು ಅದನ್ನು ಕೈಬಿಟ್ಟು, ಬ್ಲಾಕ್ ಆ್ಯಕ್ ರಿಕ್ವೆಸ್ಟ್ ಅನ್ನುವ ಸಣ್ಣ ಸಂದೇಶದಿಂದ "ಇಲ್ಲಿಂದ ಮುಂದಕ್ಕೆ ನೋಡು" ಅಂತ ಹೇಳುತ್ತಾನೆ.

ಬೆಂಗಳೂರಿಗೆ ಬಂದು ಮೂರು ಸಾಲು ಕಿತ್ತು ಹಾಕಿದೆ. ಈಗ ಡಬ್ಬಿ ಕಳಿಸುವ ಮೊದಲೇ ಪ್ಯಾಕೆಟ್ಟನ್ನು ನಂಬರ್ ಸಮೇತ ಫ್ಲ್ಯಾಶ್‌ನಲ್ಲಿ ಬರೆದುಕೊಳ್ಳುತ್ತದೆ. ಫೇಲ್ ಆದರೆ ಅದೇ ಪ್ಯಾಕೆಟ್ ಅದೇ ನಂಬರಿನಲ್ಲಿ ಮತ್ತೆ ಹೋಗುತ್ತದೆ. ಎರಡು ಸಲ ಮುಟ್ಟಿದರೂ ನಷ್ಟವಿಲ್ಲ, ಎರಡೂ ಒಂದೇ. ಜಾಗ ತುಂಬಿ ಹಳೆಯದನ್ನು ಬಿಡಲೇಬೇಕಾದರೆ "ಇಷ್ಟರಿಂದ ಇಷ್ಟು ನಾನೇ ಬಿಟ್ಟೆ, ಕಾಯಬೇಡ" ಅಂತ ಹೇಳುತ್ತದೆ. ಪರದೆಯಲ್ಲಿ ಮತ್ತೆ ಅಲ್ಲಲ್ಲಿ ಕೆಂಪು ಕಾಣುತ್ತದೆ. ಮ್ಯಾನೇಜರ್‌ಗೆ ಟ್ಯಾಂಕರ್ ನೆನಪಿದೆ, ಏನೂ ಅನ್ನಲಿಲ್ಲ.

ಆ ಸಂಜೆಯ ಮಾತು ಅಲ್ಲಿಗೇ ಮುಗಿದಿರಲಿಲ್ಲ. ಅಪ್ಪ ಬಹಳ ಹೊತ್ತಾದ ಮೇಲೆ ಬಾಯಿ ಬಿಟ್ಟ: "ಹದಿನೈದರಾಗ ಬರೇ ಮಳಿ, ಬೆಳಿ, ಇವನ ಸಾಲಿ. ಎಲ್ಲಾ ಅರಾಮ ಅಂತ ಬರದಿದ್ದಿ. ಹದಿನಾಕ ಇಲ್ಲ, ಹದಿನೈದು ಇಷ್ಟ ಅರಾಮ. ನನಗ ಅವಾಗ ಗೊತ್ತಾತು. ಸೂಟಿಗೆ ಅರ್ಜಿ ಹಾಕಿದ್ದ ಅದಕ್ಕ."

ಆ ದೀಪಾವಳಿ ನನಗೆ ನೆನಪಿದೆ. ಹಸಿರು ಟ್ರಂಕು ಹೊತ್ತು ಅಪ್ಪ ಹೇಳದೆ ಕೇಳದೆ ಬಂದಿದ್ದ. ಒಂದೂವರೆ ತಿಂಗಳು ಇದ್ದ.

"ಗೊತ್ತಿತ್ತಂದ್ರ ಮೂವತ್ತ ವರ್ಷ ಪೋಸ್ಟಮನ್‌ಗ ಯಾಕ ಬೈದ್ರಿ?" ಅಂದಳು ಅವ್ವ.

"ಮತ್ತ ಯಾರಿಗೆ ಬೈಲಿ?" ಅಂದ ಅಪ್ಪ.

ಅವ್ವ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ರೊಟ್ಟಿ ಬಡಿಯುವ ಸದ್ದು ಕೇಳಿತು. ಮರುದಿನ ನಾನು ಆ ಟ್ರಂಕು ತೆಗೆದು ನೋಡಿದೆ. ಅಪ್ಪ ಪತ್ರಗಳನ್ನೆಲ್ಲ ನಂಬರಿನ ಪ್ರಕಾರ ಜೋಡಿಸಿ ದಾರ ಕಟ್ಟಿ ಇಟ್ಟಿದ್ದಾನೆ. 13 ಆದಮೇಲೆ 15. ಅವೆರಡರ ನಡುವೆ ಏನೂ ಬರೆಯದ ಒಂದು ಇನ್‌ಲ್ಯಾಂಡ್ ಲೆಟರ್ ಮಡಚಿ ಇಟ್ಟಿದ್ದ. ನಾನು ಇದ್ದ ಹಾಗೇ ದಾರ ಕಟ್ಟಿ ಇಟ್ಟು ಬಂದೆ.